ನೆಲ ಕೊಟ್ಟು ಶಾಂತಿ ಕೊಂಡ ರಾಜಧಾನಿ

ತಿಕೋಟಾದಿಂದ ಬರುವ ಪಥಿಕನಿಗೆ ತೊರವಿಯನ್ನು ದಾಟಿದ ಮೇಲೆ ವಿಜಯಪುರದ ಪಶ್ಚಿಮ ಪ್ರಾಕಾರವೂ, ಅದರ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪೂ ಎದುರಾಗುತ್ತವೆ. ಆಕ್ರಮಣಕ್ಕೊಳಗಾದ ರಾಜ್ಯವು ನೆಲವನ್ನು ಬಿಟ್ಟುಕೊಟ್ಟು ಶಾಂತಿಯನ್ನು ಪಡೆಯಬಹುದೇ ಎಂದು ಯುಕ್ರೇನಿನ ಪ್ರಸಂಗದಲ್ಲಿ ಇಂದು ಲೋಕವೆಲ್ಲ ಕೇಳುತ್ತಿರುವ ಪ್ರಶ್ನೆಯು ಈ ಊರಿಗೆ ಹಳೆಯದು.

1657ರಲ್ಲಿ ಮೊಗಲ ರಾಜಕುಮಾರ ಔರಂಗಜೇಬನು ಬೀದರ, ಕಲ್ಯಾಣಗಳನ್ನು ಗೆದ್ದಾಗ ಇಲ್ಲಿಂದ ಆಳುತ್ತಿದ್ದ ಆದಿಲ್‌ಶಾಹಿ ಆಸ್ಥಾನವು ಅವೆರಡರೊಡನೆ ಪರಾಂಡಾ ಕೋಟೆಯನ್ನೂ, ಒಂದು ಕೋಟಿ ರೂಪಾಯಿಗಳನ್ನೂ ಒಪ್ಪಿಸಲು ಸಮ್ಮತಿಸಿತು. ಆದರೆ 1665ರ ಡಿಸೆಂಬರಿನಲ್ಲಿ ಮೊಗಲ ಸೇನಾನಿ ಮಿರ್ಜಾ ರಾಜಾ ಜಯಸಿಂಹನ ಸೈನ್ಯವು ನಗರದ ಸಮೀಪಕ್ಕೇ ಬಂದಿತು. ಆಗ ಆದಿಲ್‌ಶಾಹಿಯವರು ನವರಸಪುರ, ಶಾಹಪುರಗಳ ಕೆರೆಯೇರಿಗಳನ್ನು ತಮ್ಮ ಕೈಯಾರೆ ಒಡೆದು, ಮರಗಳನ್ನು ಕಡಿದು, ಬಾವಿಗಳನ್ನು ಕೆಡಿಸಿ, ಶತ್ರುವಿಗೆ ಕಾಳೂ ನೀರೂ ದೊರೆಯದಂತೆ ಮಾಡಿದರು (ಈ ಬರದ ಸೀಮೆಯಲ್ಲಿ ಕೆರೆ ಒಡೆಯುವುದು ಎಂತಹ ತ್ಯಾಗವೆಂಬುದನ್ನು ಬಬಲೇಶ್ವರದ ರೈತನಿಗೆ ಯಾರೂ ಹೇಳಬೇಕಾಗಿಲ್ಲ). ಜಯಸಿಂಹನು ಮರುತಿಂಗಳೇ ಹಿಮ್ಮೆಟ್ಟಿದನು. ಆದರೂ 1668ರ ಒಪ್ಪಂದದಲ್ಲಿ ಸೊಲ್ಲಾಪುರ ಕೈಬಿಟ್ಟಿತು.

ನೆಲವನ್ನು ತೆತ್ತು ಕಾಲಾವಕಾಶವನ್ನು ಗಳಿಸಿದ್ದನ್ನು ನಾನು ಹಳಿಯಲಾರೆ. ಆ ಅವಕಾಶವನ್ನು ದಖ್ಖನಿ, ಅಫಘನ್ ಸರದಾರರ ಅಂತಃಕಲಹದಲ್ಲಿ ವ್ಯಯಮಾಡಿದುದೇ ಮಹಾಪ್ರಮಾದ. 1686ರ ಸೆಪ್ಟೆಂಬರ್ 12ರಂದು ಸಿಕಂದರ್ ಆದಿಲ್‌ಶಾಹನು ಶರಣಾಗತನಾದನು; ರಾಜ್ಯವು ಮೊಗಲರ ಸುಬಾ ಆಯಿತು.