ಅತ್ತೆಯ ಬೆರಳಿಗೆ ಬೀಗ ಹಾಕಿದ್ದು ನಾನೇ

ಇವತ್ತಿನ ಎಪಿಸೋಡ್ ಒಂದು ಫೋನ್ ಕಾಲ್‌ನಿಂದ ಶುರು ಮಾಡ್ತೀನಿ. ಚನ್ನಗಿರಿ ಹತ್ತಿರದ ಹಳ್ಳಿಯಿಂದ ನಮ್ಮ ಅತ್ತೆ ಮಾಡಿದ್ದು. ನ್ಯಾಯಬೆಲೆ ಅಂಗಡಿ ಮುಂದೆ ನಿಂತು, ಯಾರದ್ದೋ ಫೋನ್ ಇಸ್ಕೊಂಡು ಕೇಳಿದ್ರು: "ನನ್ ಬೆರಳಿಗೆ ಬೀಗ ಹಾಕಿದಾರಂತೆ ಕಣಪ್ಪಾ. ಯಾರು ಹಾಕಿದ್ದು?"

ಹಾಕಿದ್ದು ನಾನೇ. ಒಂದು ವಾರದ ಹಿಂದೆ ಬೆಂಗಳೂರಿನ ರೂಮಲ್ಲಿ ಕೂತು, ಅವರ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿದ್ದೆ. ಒಳ್ಳೇದೇ ಮಾಡಿದೀನಿ ಅಂದ್ಕೊಂಡಿದ್ದೆ.

ಯಾಕೆ ಮಾಡಿದೆ ಅಂದ್ರೆ, ಎಇಪಿಎಸ್ ಅಂತ ಒಂದು ವ್ಯವಸ್ಥೆ ಇದೆ. ಊರಲ್ಲಿ ಎಟಿಎಂ ಇಲ್ಲದವರು ಆಧಾರ್ ನಂಬರ್ ಹೇಳಿ, ಬ್ಯಾಂಕ್ ಹೆಸರು ಹೇಳಿ, ಬೆರಳು ಒತ್ತಿ ದುಡ್ಡು ತಗೋಬಹುದು. ಪಿನ್ ಬೇಡ, ಒಟಿಪಿ ಬೇಡ. ಬ್ಯಾಂಕಿಗೆ ಬಸ್ ಹತ್ತಿ ಹೋಗಬೇಕಾದವರಿಗೆ ಇದು ನಿಜಕ್ಕೂ ಉಪಕಾರ. ಆದರೆ ಯಾರಾದ್ರೂ ನಿಮ್ಮ ಬೆರಳಚ್ಚಿನ ನಕಲು ಮಾಡಿದ್ರೆ? 2023ರಲ್ಲಿ ಕರ್ನಾಟಕದಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದ ಕೆಲವರ ಖಾತೆಯಿಂದ ಹೀಗೇ ಹಣ ಹೋದ ದೂರುಗಳು ಬಂದ್ವು. ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚಿನ ಮೇಲೆ ಅನುಮಾನ ಬಂತು. ಪಾಸ್‌ವರ್ಡ್ ಕಳುವಾದ್ರೆ ಬದಲಾಯಿಸ್ತೀವಿ. ಬೆರಳನ್ನ ಏನು ಮಾಡೋದು? ಆ ಸುದ್ದಿ ಓದಿದ್ದ ನಾನು, ಅತ್ತೆ ಖಾತೆಗೆ ಗೃಹಲಕ್ಷ್ಮಿಯ 2000 ರೂಪಾಯಿ ಬರುತ್ತಲ್ಲ, ಅದು ಹೋಗಬಾರದು ಅಂತ ಲಾಕ್ ಒತ್ತಿದೆ.

ಪಡಿತರ ಅಂಗಡಿಯ ಮೆಷಿನ್ ಕೇಳೋದೂ ಅದೇ ಬೆರಳನ್ನ ಅನ್ನೋದು ನನಗೆ ಹೊಳೀಲೇ ಇಲ್ಲ.

ಅಂಗಡಿಯಲ್ಲಿ ಆಗೋದು ಇಷ್ಟು. ಮೆಷಿನ್ ಅತ್ತೆಯ ಆಧಾರ್ ನಂಬರ್ ಮತ್ತು ಬೆರಳಚ್ಚನ್ನು ಯುಐಡಿಎಐ ಸರ್ವರ್‌ಗೆ ಕಳಿಸುತ್ತೆ. ಅಲ್ಲಿಂದ ಹೌದು ಅಥವಾ ಇಲ್ಲ ಅಂತ ಉತ್ತರ ಬರುತ್ತೆ. ಅಡಿಕೆ ಸುಲಿದು ಸುಲಿದು ಅತ್ತೆಯ ಬೆರಳಿನ ಗೆರೆ ಸವೆದಿದೆ, ಮೊದಲೇ ಮೂರು ನಾಲ್ಕು ಸಲ ಒತ್ತಬೇಕಿತ್ತು. ಈಗ ನಾನು ಲಾಕ್ ಮಾಡಿದ್ದರಿಂದ ಎಷ್ಟು ಸಲ ಒತ್ತಿದ್ರೂ ಬರೋದು 'ಇಲ್ಲ' ಮಾತ್ರ. ಕಾರ್ಡಲ್ಲಿ ಇರೋದು ಅವರೊಬ್ಬರ ಹೆಸರೇ, ಬೇರೆ ಯಾರೂ ಬಂದು ಬೆರಳು ಕೊಡೋ ಹಾಗಿಲ್ಲ.

ಲಾಕ್ ತೆಗೀಬೇಕು ಅಂದ್ರೆ ಒಟಿಪಿ ಬೇಕು. ಅವರ ಆಧಾರ್‌ಗೆ ಲಿಂಕ್ ಆಗಿರೋದು ನನ್ನ ನಂಬರ್. ಅತ್ತೆ ಮೊದಲ ಸಲ ಕಾಲ್ ಮಾಡಿದಾಗ ನಾನು ರೆಕಾರ್ಡಿಂಗಲ್ಲಿದ್ದೆ, ಫೋನ್ ಸೈಲೆಂಟ್. ಮತ್ತೆ ಸಿಗೋ ಹೊತ್ತಿಗೆ ಅಂಗಡಿ ಮುಚ್ಚೋ ಟೈಮ್ ಆಗಿತ್ತು. ಅವತ್ತು ಅಕ್ಕಿನೂ ಇಲ್ಲ, ಒಂದು ದಿನದ ಕೂಲಿನೂ ಇಲ್ಲ.

ಆಮೇಲೆ ಕೂತು ಕಾನೂನು ಓದಿದೆ. ಆಧಾರ್ ಪ್ರಶ್ನೆ ಮಾಡಿ 2012ರಲ್ಲಿ ಸುಪ್ರೀಂ ಕೋರ್ಟ್‌ಗೆ ಹೋದವರಲ್ಲಿ ದೊಡ್ಡ ಹೆಸರು ನಮ್ಮವರದ್ದೇ, ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಗ ಅವರಿಗೆ 80 ದಾಟಿತ್ತು. ಆ ಕೇಸಿನಿಂದಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿತು. 2018ರ ಸೆಪ್ಟೆಂಬರ್ 26ರಂದು ಐವರ ಪೀಠ 4:1 ಬಹುಮತದಲ್ಲಿ ಆಧಾರ್ ಉಳಿಸಿತು. ಸಿಮ್‌ಗೆ, ಬ್ಯಾಂಕ್ ಖಾತೆಗೆ ಆಧಾರ್ ಕಡ್ಡಾಯ ಮಾಡೋ ಹಾಗಿಲ್ಲ ಅಂತಲೂ ಹೇಳಿತು. ಆದರೆ ಸರ್ಕಾರದ ಸಬ್ಸಿಡಿ, ಪಡಿತರಕ್ಕೆ ಕೇಳಬಹುದು ಅಂತ ಬಿಟ್ಟಿತು. ಅಂದ್ರೆ ನನ್ನಂಥವನಿಗೆ 'ಬೇಡ' ಅನ್ನೋ ದಾರಿ ಕೆಲವು ಕಡೆ ಉಂಟು. ಅಕ್ಕಿಗೆ ನಿಂತಿರೋ ಅತ್ತೆಗೆ ಇಲ್ಲ.

ಆದರೆ ಇನ್ನೊಂದು ವಿಷಯ ಇದೆ, ಇದನ್ನ ದಯವಿಟ್ಟು ನೆನಪಿಟ್ಕೊಳ್ಳಿ. ಬೆರಳು ಹೊಂದಲಿಲ್ಲ, ನೆಟ್‌ವರ್ಕ್ ಇಲ್ಲ ಅಂತ ಅರ್ಹರಿಗೆ ಪಡಿತರ ನಿರಾಕರಿಸಬಾರದು, ಬೇರೆ ರೀತಿ ಗುರುತು ಖಚಿತ ಮಾಡ್ಕೊಂಡು, ದಾಖಲಿಸಿಕೊಂಡು ಕೊಡಬೇಕು ಅಂತ ಯುಐಡಿಎಐ 2017ರ ಅಕ್ಟೋಬರ್‌ನಲ್ಲೇ ಸುತ್ತೋಲೆ ಹೊರಡಿಸಿದೆ. ನನಗೂ ಗೊತ್ತಿರಲಿಲ್ಲ, ಅತ್ತೆಗೂ ಗೊತ್ತಿರಲಿಲ್ಲ. ಕ್ಯೂನಲ್ಲಿ ನಿಂತ ಯಾರೂ ಅದನ್ನ ಕೇಳಲಿಲ್ಲ.

ಮುಂದಿನ ಶನಿವಾರ ಊರಿಗೆ ಹೋದೆ. ಬಯೋಮೆಟ್ರಿಕ್ ಲಾಕ್ ತೆಗೆದೆ. ಅತ್ತೆನ ಬ್ಯಾಂಕಿಗೆ ಕರ್ಕೊಂಡು ಹೋಗಿ, ಅವರ ಖಾತೆಯಿಂದ ಎಇಪಿಎಸ್‌ನಲ್ಲಿ ಹಣ ತೆಗೆಯೋದನ್ನ ನಿಲ್ಲಿಸಿ ಅಂತ ಅರ್ಜಿ ಕೊಟ್ವಿ. ಗೃಹಲಕ್ಷ್ಮಿ ದುಡ್ಡು ಖಾತೆಗೆ ಬರೋ ದಾರಿ ಬೇರೆ, ಅದಕ್ಕೆ ಇದರಿಂದ ತೊಂದರೆ ಇಲ್ಲ. ಎಲ್ಲ ಬ್ಯಾಂಕ್‌ಗಳ ಕ್ರಮ ಒಂದೇ ಇರಲ್ಲ, ನಿಮ್ಮ ಶಾಖೆಯಲ್ಲಿ ವಿಚಾರಿಸಿ. ಕೊನೆಗೆ ಆಧಾರ್ ಕೇಂದ್ರಕ್ಕೆ ಹೋಗಿ ನನ್ನ ನಂಬರ್ ತೆಗೆಸಿ, ಅತ್ತೆಗೆ ಕೊಡಿಸಿದ ಕೀಪ್ಯಾಡ್ ಫೋನಿನ ನಂಬರ್ ಹಾಕಿಸಿದ್ವಿ.

ನನಗೆ ಅರ್ಥ ಆಗಿದ್ದು ಇದು. ಅಕ್ಕಿ ಡಬ್ಬಕ್ಕೂ ದುಡ್ಡಿನ ಪೆಟ್ಟಿಗೆಗೂ ಒಂದೇ ಕೀಲಿ ಕೊಟ್ಟಿದ್ದಾರೆ. ಕಳ್ಳರ ಭಯಕ್ಕೆ ಕೀಲಿಯನ್ನೇ ಮುಚ್ಚಿಟ್ರೆ ಅಕ್ಕಿನೂ ಸಿಗಲ್ಲ. ಬೀಗ ಹಾಕಬೇಕಾದ್ದು ಪೆಟ್ಟಿಗೆಗೆ, ಬೆರಳಿಗಲ್ಲ.

ಇದನ್ನ ಕೇಳ್ತಿರೋ ನಿಮ್ಮಲ್ಲಿ ತುಂಬಾ ಜನ ಮನೆಯ ಒಟಿಪಿ ಆಫೀಸರ್‌ಗಳು. ಅಪ್ಪ, ಅಮ್ಮ, ಅಜ್ಜಿ ಎಲ್ಲರ ಆಧಾರ್‌ಗೂ ನಿಮ್ಮದೇ ನಂಬರ್ ಇರಬಹುದು. ಇವತ್ತೇ ಒಂದು ಸಲ ನೋಡಿ. ಆಧಾರ್ ವೆಬ್‌ಸೈಟ್‌ನಲ್ಲಿ ಅವರ ಆಧಾರ್ ಎಲ್ಲೆಲ್ಲಿ ಬಳಕೆಯಾಗಿದೆ ಅಂತ ಇತಿಹಾಸ ಸಿಗುತ್ತೆ. ಜೆರಾಕ್ಸ್ ಕೊಡೋ ಕಡೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣೋ ಮಾಸ್ಕ್ಡ್ ಆಧಾರ್ ಕೊಡಿ. ಖಾತೆಯಿಂದ ಹಣ ಹೋದ್ರೆ ತಡ ಮಾಡದೆ ಬ್ಯಾಂಕಿಗೂ 1930ಕ್ಕೂ ತಿಳಿಸಿ. ಆಧಾರ್ ಸಮಸ್ಯೆಗೆ 1947, ಪಡಿತರದ ದೂರಿಗೆ 1967.

ಆದರೆ ಏನೇ ಬಟನ್ ಒತ್ತೋ ಮುಂಚೆ ಅವರನ್ನ ಒಂದು ಮಾತು ಕೇಳಿ. ನಾನು ಕೇಳಿರಲಿಲ್ಲ. ಬೆರಳು ಅವರದ್ದು.