ಸೊಳ್ಳೆಪರದೆಯಾಚೆಯ ಅಂಗಡಿ

ಮಲಗಿದ ಅವ್ವನ ಕಣ್ಣರೆಪ್ಪೆಯನ್ನು ಕೂಸು ಬೆರಳಿನಿಂದ ಎತ್ತಿ ನೋಡುತ್ತದೆ. ‘ಅವ್ವಾ, ಏಳ’ ಅನ್ನುತ್ತದೆ. ಏಳದಿದ್ದರೆ ಎದೆಯ ಮೇಲೇ ಹತ್ತಿ ಕೂರುತ್ತದೆ. 2006ರಲ್ಲಿ ಚಿಕುನ್‌ಗುನ್ಯಾ ಹಬ್ಬಿದಾಗ ಉತ್ತರ ಕರ್ನಾಟಕದ ಎಷ್ಟೋ ಮನೆಗಳು ಇದನ್ನು ಕಂಡಿವೆ. ಆ ವರ್ಷ ನಮ್ಮ ರಾಜ್ಯವೊಂದರಲ್ಲೇ ಏಳು ಲಕ್ಷಕ್ಕೂ ಮಿಕ್ಕಿ ಶಂಕಿತ ಪ್ರಕರಣಗಳು ದಾಖಲಾದವು. ದೇಶದ ಬೇರಾವ ರಾಜ್ಯದಲ್ಲೂ ಅಷ್ಟಿರಲಿಲ್ಲ. ಕೀಲುಗಳೆಲ್ಲ ಹಿಡಿದು ನೀರಿನ ಲೋಟವನ್ನೂ ಎತ್ತಲಾಗದ ತಾಯಿ ಒಂದು ಕಡೆ, ‘ಎತ್ಕೋ’ ಎಂದು ಎರಡೂ ಕೈ ಚಾಚಿ ನಿಂತ ಎರಡು ವರ್ಷದ ಮಗು ಇನ್ನೊಂದು ಕಡೆ.

ನಿಪ್ಪಾಣಿ ತಾಲೂಕಿನ ಅಕ್ಕೋಳದಂಥ ಊರಲ್ಲಿ ಮನೆಯಲ್ಲಿ ಆಯಿ ಇದ್ದರೆ ಅರ್ಧ ಚಿಂತೆ ಹೋಯಿತು. ಮೂರು ವರ್ಷ ತುಂಬಿದ ಮಗುವಾದರೆ ಅಂಗನವಾಡಿಯಲ್ಲಿ ಕೆಲ ಹೊತ್ತು ಕಳೆಯುತ್ತದೆ. ಉಳಿದ ಹೊತ್ತಿಗೆ? ಗಂಡ ಕಬ್ಬಿನ ಗದ್ದೆಗೋ ತಂಬಾಕಿನ ಹೊಲಕ್ಕೋ ಹೋಗಿರುತ್ತಾನೆ. ಮನೆಯಲ್ಲಿ ಉಳಿದವರು ಇಬ್ಬರೇ, ಒಬ್ಬಳಿಗೆ ಏಳಲಾಗದು, ಇನ್ನೊಬ್ಬರಿಗೆ ಕೂರಲಾಗದು.

ಜ್ವರ ಬಂದವರು ಮಲಗುವುದು ಸೋಮಾರಿತನವಲ್ಲ, ಸೋಲೂ ಅಲ್ಲ. ರೋಗಾಣು ಒಳಹೊಕ್ಕಾಗ ರಕ್ಷಣಾ ಕಣಗಳು ಇಂಟರ್‌ಲ್ಯೂಕಿನ್‌ನಂಥ ರಾಸಾಯನಿಕ ಸಂದೇಶಗಳನ್ನು ಮಿದುಳಿಗೆ ಕಳಿಸುತ್ತವೆ. ಮಿದುಳು ಮೈಯ ಬಿಸಿಯನ್ನು ಏರಿಸುತ್ತದೆ. ಜೊತೆಗೆ ಹಸಿವು, ಮಾತು, ಓಡಾಟ ಎಲ್ಲವನ್ನೂ ತಗ್ಗಿಸುತ್ತದೆ. ಬಿಸಿ ಒಂದು ಡಿಗ್ರಿ ಸೆಲ್ಸಿಯಸ್ ಏರಲು ದೇಹ ಸುಮಾರು ಹತ್ತರಲ್ಲೊಂದು ಪಾಲು ಹೆಚ್ಚು ಶಕ್ತಿ ಸುಡಬೇಕು. ಆ ಶಕ್ತಿಯನ್ನು ಬೇರೆ ಕೆಲಸಗಳಿಂದ ಉಳಿಸಿ ತರಬೇಕಲ್ಲ? ಜ್ವರ ಬಂದ ಎಮ್ಮೆ ಮೇವು ಬಿಟ್ಟು ಮೂಲೆಯಲ್ಲಿ ಮಲಗುವುದೂ ಇದಕ್ಕೇ. ಅಮೆರಿಕದ ಪಶುವೈದ್ಯ ವಿಜ್ಞಾನಿ ಬೆಂಜಮಿನ್ ಹಾರ್ಟ್ 1988ರಲ್ಲಿ ಇದನ್ನು ದೇಹದ ತಂತ್ರವೆಂದೇ ವಿವರಿಸಿದರು. ಮಗುವಿಗಾಗಿ ಹಟ ಹಿಡಿದು ಎದ್ದು ಕುಣಿಯುವ ತಾಯಿ ತನ್ನ ದೇಹದ ವಿರುದ್ಧವೇ ದುಡಿಯುತ್ತಿರುತ್ತಾಳೆ. ಹಾಗೆ ಏಳಬೇಕಾಗಿಯೂ ಇಲ್ಲ ಎಂಬುದೇ ನಾನು ಹೇಳಬೇಕೆಂದಿರುವ ಮಾತು.

ಯಾಕೆಂದರೆ ಮಗುವಿಗೆ ಬೇಕಾದದ್ದು ಕುಣಿತವಲ್ಲ. ಎಡ್ವರ್ಡ್ ಟ್ರೋನಿಕ್ ಎಂಬ ಮನೋವಿಜ್ಞಾನಿ 1970ರ ದಶಕದಲ್ಲಿ ಒಂದು ಸರಳ ಪ್ರಯೋಗ ಮಾಡಿದರು. ತಾಯಿ ಮೊದಲು ಕೂಸಿನೊಡನೆ ನಗುತ್ತ ಆಡಬೇಕು. ಆಮೇಲೆ ಕೆಲವು ನಿಮಿಷ ಮುಖದಲ್ಲಿ ಯಾವ ಭಾವವನ್ನೂ ತೋರದೆ ಸುಮ್ಮನೆ ನೋಡುತ್ತ ಕೂರಬೇಕು. ಕೂಸು ನಗುತ್ತದೆ, ಕೈ ಚಾಚುತ್ತದೆ, ಕೂಗುತ್ತದೆ. ಯಾವುದಕ್ಕೂ ಉತ್ತರ ಬಾರದಾಗ ಮುಖ ತಿರುಗಿಸಿಬಿಡುತ್ತದೆ, ಕೆಲವು ಅಳುತ್ತವೆ. ಹಾಸಿಗೆ ಹಿಡಿದ ತಾಯಿಯ ಮುಖವೂ ಮಗುವಿಗೆ ಹೀಗೇ ಕಾಣುತ್ತಿರಬೇಕು ಎಂದು ನನಗನ್ನಿಸುತ್ತದೆ. ರೆಪ್ಪೆ ಎತ್ತಿ ನೋಡುವ ಆ ಪುಟ್ಟ ಬೆರಳು ಹುಡುಕುತ್ತಿರುವುದು ಉತ್ತರವನ್ನು. ಒಂದು ‘ಹೂಂ’, ಒಂದು ಹುಬ್ಬೇರಿಕೆ, ಬೆರಳೊಂದನ್ನು ಹಿಡಿದು ಒತ್ತುವುದು, ಇಷ್ಟಕ್ಕೆ ಎದ್ದು ಕೂರಬೇಕಿಲ್ಲ. ಆರೋಗ್ಯವಂತ ತಾಯಿ-ಮಕ್ಕಳ ನಡುವೆಯೂ ತಾಳ ತಪ್ಪುತ್ತಲೇ ಇರುತ್ತದೆ, ತಪ್ಪಿದ್ದು ಮತ್ತೆ ಕೂಡಿಕೊಳ್ಳುವುದೇ ಮುಖ್ಯ ಎಂಬುದನ್ನೂ ಟ್ರೋನಿಕ್ ಅವರೇ ತೋರಿಸಿದ್ದಾರೆ.

ಇನ್ನೊಂದು ಸಂಗತಿ ಬಹಳ ಮನೆಗಳಲ್ಲಿ ಗಮನಕ್ಕೇ ಬರುವುದಿಲ್ಲ. ಮೂರು-ನಾಲ್ಕು ವರ್ಷದ ಮಗು ಅವ್ವನ ಜ್ವರಕ್ಕೆ ತಾನೇ ಕಾರಣ ಎಂದುಕೊಳ್ಳಬಹುದು. ನಿನ್ನೆ ಹಾಲು ಚೆಲ್ಲಿದೆ, ಇಂದು ಅವ್ವ ಮಲಗಿದಳು. ಕೆಟ್ಟದ್ದಾದರೆ ಅದು ತಪ್ಪಿಗೆ ಸಿಕ್ಕ ಶಿಕ್ಷೆ ಎಂದು ಚಿಕ್ಕ ಮಕ್ಕಳು ನಂಬುವುದನ್ನು ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ 1930ರ ದಶಕದಲ್ಲೇ ಬರೆದಿಟ್ಟಿದ್ದಾರೆ. ‘ನೀ ಕಾಡಸ್ತಿ ಅಂತನs ನನಗ ಜ್ವರಾ ಬಂದಾವ’ ಎಂದು ನಾವು ಬೇಸರದಲ್ಲಿ ಆಡುವ ಮಾತನ್ನು ಮಗು ಅಕ್ಷರಶಃ ನಂಬುತ್ತದೆ. ಅದರ ಬದಲು ‘ನೀ ಏನೂ ಮಾಡಿಲ್ಲ ಬಂಗಾರಾ, ಸೊಳ್ಳಿ ಕಡದು ಜ್ವರಾ ಬಂದಾವ, ಹೊಕ್ಕಾವ’ ಎಂದು ದಿನಕ್ಕೆ ನಾಲ್ಕು ಸಲ ಹೇಳಬೇಕು. ಒಮ್ಮೆ ಹೇಳಿದರೆ ಸಾಲದು.

ಹಾಗಾದರೆ ಮಲಗಿದಲ್ಲಿಂದಲೇ ಮಗುವಿನೊಡನೆ ಆಡುವ ಆಟ ಯಾವುದು? ಮಲಗಿದವರಿಗೆ ಪಾತ್ರ ಇರುವಂಥದ್ದು. ಮಗು ಹತ್ತಿರ ಬಂದರೆ ಹೆದರಬೇಕಿಲ್ಲ, ಡೆಂಗಿ, ಚಿಕುನ್‌ಗುನ್ಯಾ ಮುಟ್ಟಿದರೆ ಅಂಟುವುದಿಲ್ಲ. ರೋಗಿಯನ್ನು ಕಚ್ಚಿದ ಈಡಿಸ್ ಸೊಳ್ಳೆ ವೈರಸ್ಸನ್ನು ಹೊತ್ತು, ದಿನಗಳ ನಂತರ ಇನ್ನೊಬ್ಬರನ್ನು ಕಚ್ಚಿದಾಗ ದಾಟಿಸುತ್ತದೆ. ಈಡಿಸ್ ಕಚ್ಚುವುದು ಹೆಚ್ಚಾಗಿ ಹಗಲಲ್ಲಿ. ಆದ್ದರಿಂದ ಜ್ವರದ ಮೊದಲ ವಾರ ರೋಗಿ ಹಗಲಲ್ಲೂ ಸೊಳ್ಳೆಪರದೆಯೊಳಗೇ ಇರಬೇಕು. ಅದು ಮಗುವಿನ ರಕ್ಷಣೆಗೂ ಹೌದು. ಆ ಪರದೆಯನ್ನೇ ಅಂಗಡಿಯ ಜಾಲರಿ ಮಾಡಿಕೊಳ್ಳಿ. ಮಗು ಹೊರಗೆ ಅಂಗಡಿಕಾರ, ಅವ್ವ ಒಳಗೆ ಗಿರಾಕಿ. ‘ಕಾಕಾ, ಎರಡ ಬದನಿಕಾಯಿ ಕೊಡ್ರಿ’ ಎಂದರೆ ಮಗು ಓಡಿ ಹೋಗಿ ಎರಡು ಚಮಚೆ ತಂದು ತೋರಿಸುತ್ತದೆ. ‘ರೊಕ್ಕ ಎಷ್ಟ್ರಿ?’ ಎಂದರೆ ಅದರ ಯೋಚನೆಗೆ ಎರಡು ನಿಮಿಷ. ತಾಯಿ ಕಣ್ಣು ಮುಚ್ಚಿಯೇ ವ್ಯಾಪಾರ ಮಾಡಬಹುದು. ಇದೇ ಮಗು ಡಾಕ್ಟರಾದರೆ ಇನ್ನೂ ಚೆನ್ನ: ನಿನ್ನೆಯಿಂದ ಹೆದರಿ ನೋಡುತ್ತಿದ್ದ ಕಾಯಿಲೆಗೆ ಈಗ ತಾನೇ ಮದ್ದು ಕೊಡುತ್ತಿದೆ. ಒಂದೇ ಎಚ್ಚರ, ನಿಜವಾದ ಗುಳಿಗೆಗಳು ಅದರ ಕೈಗೆ ಸಿಗಬಾರದು.

ಸಾಮಾನು ಹೆಚ್ಚು ಬೇಡ. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದೂವರೆಯಿಂದ ಎರಡೂವರೆ ವರ್ಷದ 36 ಮಕ್ಕಳಿಗೆ ಒಮ್ಮೆ ನಾಲ್ಕು ಆಟಿಕೆ, ಇನ್ನೊಮ್ಮೆ ಹದಿನಾರು ಆಟಿಕೆ ಕೊಟ್ಟು ನೋಡಿದರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರೊಡನೆ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದರು. ಬುಟ್ಟಿಯಲ್ಲಿ ನಾಲ್ಕು ಸಾಮಾನಿಟ್ಟು ಮಧ್ಯಾಹ್ನ ಬೇರೆ ನಾಲ್ಕಕ್ಕೆ ಬದಲಿಸಿದರೆ ಸಾಕು: ಡಬ್ಬಿ ಮತ್ತು ಮುಚ್ಚಳ, ಹಳೆಯ ಸೀರೆಯ ತುಂಡು, ಜೋಳದ ದಂಟಿನ ಬೆಂಡು. ಗಜ್ಜಗ ಮಾತ್ರ ಮೂರು ವರ್ಷ ದಾಟಿದವರಿಗೆ. ಮೂರು ಸೆಂಟಿಮೀಟರಿಗಿಂತ ಚಿಕ್ಕದಾದ ಯಾವುದೂ ಚಿಕ್ಕ ಕೂಸಿನ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು.

ನಮ್ಮ ಭಾಗದಲ್ಲಿ ಬೀಡಿ ಕಟ್ಟುವ ಮನೆಗಳಿವೆ, ತಂಬಾಕಿನ ಚೀಲ ಕೈಗೆಟಕುವಲ್ಲೇ ಇರುತ್ತದೆ. ಅದು ಯಾವ ಕಾರಣಕ್ಕೂ ಆಟದ ಸಾಮಾನಲ್ಲ. ಹಸಿ ತಂಬಾಕಿನ ಒದ್ದೆ ಎಲೆ ಮುಟ್ಟಿದರೆ ನಿಕೋಟಿನ್ ಚರ್ಮದ ಮೂಲಕವೇ ಒಳಗಿಳಿದು ದೊಡ್ಡವರಿಗೂ ತಲೆಸುತ್ತು, ವಾಂತಿ ಬರುತ್ತದೆ. ಮಗು ಒಂದು ಚಿಟಿಕೆ ನುಂಗಿದರೂ ಅಪಾಯ. ತುಂಬಿದ ಬಕೆಟ್ಟಿನ ಬಗ್ಗೆಯೂ ಅಷ್ಟೇ ಹೆದರಿಕೆ ಇರಲಿ: ಎಡವಿ ತಲೆಕೆಳಗಾಗಿ ಬಿದ್ದ ಕೂಸು ಗೇಣುದ್ದ ನೀರಿನಲ್ಲೂ ಮುಳುಗುತ್ತದೆ. ಜ್ವರದ ಮಂಪರಿನಲ್ಲಿ ಕಣ್ಣು ತೆರೆಯಲಾಗುತ್ತಿಲ್ಲವೆಂದರೆ ಯಾವ ಆಟವೂ ಕಾವಲಾಗದು. ಪಕ್ಕದ ಮನೆಯ ಕಾಕುವನ್ನು ಕೂಗಲೇಬೇಕು.

ನೆಗಡಿ-ಫ್ಲೂ ಆದರೆ ಲೆಕ್ಕ ಬೇರೆ. ಅದು ಉಸಿರಿನಿಂದ ಹರಡುವುದರಿಂದ ಕಿಟಕಿ ತೆರೆದಿರಲಿ, ಬಾಯಿಗೆ ಬಟ್ಟೆ ಇರಲಿ, ಅಂಗಡಿ ಬಾಗಿಲಾಚೆಗೆ ಹೋಗಲಿ. ಮೊಬೈಲಿನ ಬಗ್ಗೆ ಕೇಳುವಿರಾದರೆ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ತಾಸು ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಮೈ ಸುಡುವಾಗ ಆ ಒಂದು ತಾಸನ್ನು ಬಳಸಿಕೊಂಡ ತಾಯಿಯನ್ನು ಯಾರೂ ದೂರಬಾರದು.

ಆದರೂ ನನ್ನ ಆಯ್ಕೆ ಮಣ್ಣು. ಮಳೆಗಾಲ ಶುರುವಾಗುವ ಹೊತ್ತಿಗೇ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ, ಸೊಳ್ಳೆಯ ಜ್ವರಗಳೂ ಬರುತ್ತವೆ. ಒಂದು ಮುದ್ದೆ ಕಲಸಿದ ಮಣ್ಣನ್ನು ಗೋಣಿಚೀಲದ ಮೇಲಿಟ್ಟರೆ ಮಗು ಹಿಸುಕುತ್ತದೆ, ಉರುಟುತ್ತದೆ, ಎತ್ತು ಮಾಡಿ ಕೆಡವಿ ಮತ್ತೆ ಕಟ್ಟುತ್ತದೆ. ಅವ್ವ ಪರದೆಯೊಳಗಿಂದ ‘ಒಂದ ಕೋಡ ಸಣ್ಣದಾತಲ್ಲೋ’ ಅಂದರೆ ಮತ್ತೆ ಅರ್ಧ ಗಳಿಗೆ. ಎರಡೂ ಎತ್ತು ನಿಂತ ಮೇಲೆ ಅದು ಬಂದು ಕೇಳುತ್ತದೆ, ಗ್ವಾದಲಿ ಎಲ್ಲಿ, ಇವು ಮೇಯೋದೆಲ್ಲಿ?

‘ಗ್ವಾದಲಿ ನಾಳೆ ಮಾಡೂನು. ಇಬ್ರೂ ಕೂಡೇ.’