ಫ್ರೆಂಚ್ ಕ್ರಿಯಾಪದದ ವಿಧ್ಯರ್ಥ ರೂಪಗಳು: ಇತಿಹಾಸದ ಅಭ್ಯಾಸಿಗೊಂದು ಪ್ರವೇಶ

ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಯು ೧೬೮೫ರ ಅಕ್ಟೋಬರ್ ತಿಂಗಳಲ್ಲಿ ಫಾಂತೆನ್‌ಬ್ಲೋ ಅರಮನೆಯಿಂದ ಹೊರಡಿಸಿದ ಶಾಸನವನ್ನು ಮೂಲದಲ್ಲಿ ಮೊದಲ ಬಾರಿಗೆ ಓದಲು ತೊಡಗಿದಾಗ ಈ ಲೇಖಕನು ಒಂದು ಪದದ ಬಳಿ ಎಡವಿದನು. ಆ ಪದ ‘ದೇಫಾಂದೋಂ’. ನಿಘಂಟಿನಲ್ಲಿ ಅದರ ಧಾತುವಿಗೆ ಮೊದಲು ಕಂಡ ಅರ್ಥ ‘ರಕ್ಷಿಸು’ ಎಂಬುದು. ಕರ್ತೃಪದವಿಲ್ಲದೆ ಬರುವ ಇಂತಹ ರೂಪ ವಿಧ್ಯರ್ಥವೆಂದು ವ್ಯಾಕರಣ ಕಲಿಸಿತ್ತು. ಎರಡನ್ನೂ ಕೂಡಿಸಲು ‘ರಕ್ಷಿಸೋಣ’ ಎಂದಾಯಿತು. ಶಾಸನದ ಅರ್ಥವಾದರೋ ಇದಕ್ಕೆ ತೀರ ವಿರುದ್ಧವಾದುದು: ‘ನಿಷೇಧಿಸುತ್ತೇವೆ’. ೧೫೯೮ರ ನಾಂತ್ ಶಾಸನವು ಪ್ರಾಟೆಸ್ಟಂಟರಿಗೆ ಕೊಟ್ಟಿದ್ದ ಆಶ್ರಯವನ್ನು ರದ್ದುಗೊಳಿಸಿ, ಅವರು ಆರಾಧನೆಗಾಗಿ ಸೇರಕೂಡದೆಂದೂ ಮತಾಂತರಕ್ಕೆ ಒಪ್ಪದ ಅವರ ಬೋಧಕರು ಹದಿನೈದು ದಿನಗಳೊಳಗೆ ರಾಜ್ಯವನ್ನು ಬಿಡತಕ್ಕದ್ದೆಂದೂ ವಿಧಿಸಿದ ಶಾಸನವದು. ಒಂದು ಕ್ರಿಯಾರೂಪವನ್ನು ತಪ್ಪಾಗಿ ಗ್ರಹಿಸಿದರೆ ಒಂದು ಸಮುದಾಯದ ದಮನವು ಅದರ ಸಂರಕ್ಷಣೆಯಾಗಿ ತೋರುವ ಅಪಾಯವುಂಟು. ಆದುದರಿಂದ ಫ್ರೆಂಚ್ ಆಕರಗಳನ್ನು ಮೂಲದಲ್ಲಿ ಓದಬಯಸುವ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಈ ರೂಪಗಳ ರಚನೆಯನ್ನೂ ಬಳಕೆಯನ್ನೂ ಪರಿಚಯ ಮಾಡಿಕೊಡುವುದು ಇಲ್ಲಿಯ ಉದ್ದೇಶ. ಕನ್ನಡ ಲಿಪಿಯಲ್ಲಿ ಕೊಟ್ಟಿರುವ ಉಚ್ಚಾರಗಳು ಸಮೀಪದವು ಮಾತ್ರವೆಂದು ತಿಳಿಯಬೇಕು.

೧. ರೂಪರಚನೆ

ನಮ್ಮಲ್ಲಿ ಬಹುಮಂದಿ ಫ್ರೆಂಚನ್ನು ಇಂಗ್ಲಿಷಿನ ಮೂಲಕ ಕಲಿಯುತ್ತಾರೆ. ವಿಧ್ಯರ್ಥದ ವಿಷಯದಲ್ಲಿ ಇದು ಸುತ್ತುದಾರಿ. ಇಂಗ್ಲಿಷಿನಲ್ಲಿ ಏಕವಚನ ಬಹುವಚನಗಳಿಗೆ ಒಂದೇ ರೂಪ. ‘ಹೋಗೋಣ’ ಎನ್ನುವುದಕ್ಕೆ ಬೇರೊಂದು ಕ್ರಿಯಾಪದದ ನೆರವು ಬೇಕು. ಕನ್ನಡದಲ್ಲಿ ‘ಹೋಗು, ಹೋಗಿರಿ, ಹೋಗೋಣ’ ಎಂಬ ಮೂರು ರೂಪಗಳು ಮೊದಲೇ ಸಿದ್ಧವಾಗಿವೆ. ಫ್ರೆಂಚಿನಲ್ಲಿಯೂ ಇರುವುದು ಇವೇ ಮೂರು: ‘ವಾ, ಆಲೇ, ಆಲೋಂ’.

ಸಾಮಾನ್ಯ ನಿಯಮವು ಸರಳವಾದುದು. ವರ್ತಮಾನಕಾಲದಲ್ಲಿ ‘ತ್ಯೂ’ (ನೀನು), ‘ನೂ’ (ನಾವು), ‘ವೂ’ (ನೀವು) ಎಂಬ ಸರ್ವನಾಮಗಳೊಡನೆ ಬರುವ ರೂಪಗಳನ್ನು ತೆಗೆದುಕೊಂಡು ಸರ್ವನಾಮವನ್ನು ಬಿಟ್ಟರೆ ವಿಧ್ಯರ್ಥವಾಯಿತು. ‘ಮುಗಿಸು’ ಎಂಬರ್ಥದ ಧಾತುವಿನಿಂದ ಫಿನಿ, ಫಿನಿಸೋಂ, ಫಿನಿಸೇ. ‘ಕಾಯು’ ಎಂಬರ್ಥದ ಧಾತುವಿನಿಂದ ಆತಾಂ, ಆತಾಂದೋಂ, ಆತಾಂದೇ. ಮೊದಲನೆಯ ಗಣದ ಧಾತುಗಳಲ್ಲಿ, ಎಂದರೆ ಮೂಲರೂಪವು ‘ಇ, ಆರ್’ ಅಕ್ಷರಗಳಿಂದ ಮುಗಿಯುವ ಧಾತುಗಳಲ್ಲಿ, ಒಂದು ವಿಶೇಷವುಂಟು. ‘ತ್ಯೂ’ ರೂಪದ ಕೊನೆಯ ‘ಎಸ್’ ಅಕ್ಷರವು ವಿಧ್ಯರ್ಥದಲ್ಲಿ ಬಿದ್ದುಹೋಗುತ್ತದೆ. ‘ಮಾತನಾಡು’ ಎಂಬರ್ಥದ ‘ಪಾರ್ಲ್’ ಇದಕ್ಕೆ ಉದಾಹರಣೆ. ಆ ಅಕ್ಷರಕ್ಕೆ ಹೇಗೂ ಉಚ್ಚಾರವಿಲ್ಲವಾದ್ದರಿಂದ ಈ ಲೋಪವು ಕಣ್ಣಿಗೆ ಮಾತ್ರ ಗೋಚರ. ‘ಹೋಗು’ ಎಂಬರ್ಥದ ‘ವಾ’ ರೂಪಕ್ಕೂ, ‘ತೆರೆ’ ಎಂಬರ್ಥದ ‘ಉವ್ರ್’ ಮೊದಲಾದ ಕೆಲವಕ್ಕೂ ಇದೇ ನಿಯಮ. ಆದರೆ ‘ಅಲ್ಲಿಗೆ’, ‘ಅದರ ವಿಷಯವಾಗಿ’ ಎಂಬರ್ಥಗಳ ‘ಈ’, ‘ಆಂ’ ಎಂಬ ಸ್ವರಾದಿ ಪದಗಳು ಒಡನೆ ಬಂದಾಗ ಬಿದ್ದ ಅಕ್ಷರ ಮರಳಿ ಬಂದು ‘ಝ’ಕಾರವಾಗಿ ಕೇಳಿಸುತ್ತದೆ: ವಾಝೀ (ಅಲ್ಲಿಗೆ ಹೋಗು), ಪಾರ್ಲ್‌ಝಾಂ (ಅದರ ವಿಷಯ ಮಾತನಾಡು). ಎರಡು ಸ್ವರಗಳ ಘರ್ಷಣೆಯನ್ನು ತಪ್ಪಿಸುವ ಈ ಏರ್ಪಾಡು ನಮ್ಮ ಆಗಮಸಂಧಿಯನ್ನು ನೆನಪಿಗೆ ತರುತ್ತದೆ.

ನಿಯಮಕ್ಕೆ ಹೊರತಾದ ಧಾತುಗಳು ನಾಲ್ಕು. ‘ಇರು’ ಎಂಬುದಕ್ಕೆ ಸ್ವಾ, ಸ್ವಾಯೋಂ, ಸ್ವಾಯೇ. ‘ಹೊಂದಿರು’ ಎಂಬುದಕ್ಕೆ ಎ, ಎಯೋಂ, ಎಯೇ. ‘ತಿಳಿ’ ಎಂಬುದಕ್ಕೆ ಸಾಶ್, ಸಾಶೋಂ, ಸಾಶೇ. ನಾಲ್ಕನೆಯದಾದ ‘ಇಚ್ಛಿಸು’ ಧಾತುವಿನಲ್ಲಿ ‘ವೊಯೇ’ ಎಂಬ ಬಹುವಚನವೇ ಹೆಚ್ಚಾಗಿ ಬಳಕೆಯಲ್ಲಿರುವುದು. ‘ವೊಯೇ ಆತಾಂದ್ರ್’ ಎಂದರೆ ‘ದಯಮಾಡಿ ಕಾದಿರಿ’. ಈ ನಾಲ್ಕೂ ತಮ್ಮ ಅಂಗವನ್ನು ವರ್ತಮಾನದಿಂದ ಪಡೆಯದೆ, ಇಚ್ಛೆ ಸಂದೇಹಗಳನ್ನು ಸೂಚಿಸುವ ‘ಸಬ್ಜೊಂಕ್ತಿಫ್’ ಎಂಬ ಆಶಯಾರ್ಥದಿಂದ ಪಡೆದಿವೆ. ಪ್ರಥಮಪುರುಷದಲ್ಲಿ ಸ್ವತಂತ್ರ ವಿಧ್ಯರ್ಥ ರೂಪವೇ ಇಲ್ಲವಾಗಿ ಅಲ್ಲಿಯೂ ಈ ಆಶಯಾರ್ಥವೇ ಕೆಲಸಮಾಡುತ್ತದೆ: ‘ಕಿಲ್ ಆಯ್’ ಎಂದರೆ ‘ಅವನು ಹೋಗಲಿ’. ನಮ್ಮ ‘-ಅಲಿ’ ಪ್ರತ್ಯಯದಂತೆ ಇದು ಅಪ್ಪಣೆಯನ್ನೂ ಹಾರೈಕೆಯನ್ನೂ ಹೇಳಬಲ್ಲುದು. ಜಯಘೋಷಗಳಲ್ಲಿ ಕೇಳಿಬರುವ ‘ವೀವ್’ (ಬಾಳಲಿ) ಎಂಬುದೂ ಆಶಯಾರ್ಥವೇ ಹೊರತು ವಿಧ್ಯರ್ಥವಲ್ಲ.

೨. ಸರ್ವನಾಮದ ಸ್ಥಾನ

ವಿಧಿಯಲ್ಲಿ ಕರ್ಮಸ್ಥಾನದ ಸರ್ವನಾಮಗಳು ಕ್ರಿಯಾಪದದ ಹಿಂದೆ ಕಿರುಗೆರೆಯಿಂದ ಸೇರಿ ನಿಲ್ಲುತ್ತವೆ. ನಿಷೇಧದಲ್ಲಿ ಅವು ಕ್ರಿಯಾಪದಕ್ಕೆ ಮೊದಲು ಬರುತ್ತವೆ. ‘ಅದನ್ನು ನನಗೆ ಕೊಡಿರಿ’ ಎನ್ನಲು ‘ದೊನೇ-ಲ-ಮ್ವಾ’. ‘ಅದನ್ನು ನನಗೆ ಕೊಡಬೇಡಿರಿ’ ಎನ್ನಲು ‘ನ ಮ ಲ ದೊನೇ ಪಾ’. ಮೊದಲ ವಾಕ್ಯದಲ್ಲಿ ‘ಮ’ ಎಂಬುದು ‘ಮ್ವಾ’ ಎಂದು ಬದಲಾಗಿರುವುದನ್ನೂ ಗಮನಿಸಬೇಕು. ‘ಏಳು’ ಎಂಬರ್ಥದ ಆತ್ಮಾರ್ಥಕ ಧಾತುವಿನಲ್ಲಿಯೂ ಹೀಗೆಯೇ: ‘ಲವೇ-ವೂ’ (ಏಳಿರಿ), ‘ನ ವೂ ಲವೇ ಪಾ’ (ಏಳಬೇಡಿರಿ).

ಹಳೆಯ ಗ್ರಂಥಗಳನ್ನು ಓದುವವರು ಇಲ್ಲಿ ಎಚ್ಚರದಿಂದಿರಬೇಕು. ಹದಿನೇಳನೆಯ ಶತಮಾನದ ಬರೆಹದಲ್ಲಿ ‘ಎ’ (ಮತ್ತು) ಎಂಬ ಪದದಿಂದ ಎರಡು ವಿಧ್ಯರ್ಥಗಳನ್ನು ಜೋಡಿಸಿದಾಗ ಎರಡನೆಯದರ ಸರ್ವನಾಮವು ಕ್ರಿಯಾಪದಕ್ಕೆ ಮೊದಲು ಬರುವುದುಂಟು. ‘ಈ ಪುಸ್ತಕವನ್ನು ತೆಗೆದುಕೊಂಡು ಓದಿರಿ’ ಎನ್ನಲು ಅಂದಿನವರು ‘ಪ್ರನೇ ಸ ಲೀವ್ರ್ ಎ ಲ ಲೀಝೇ’ ಎಂದು ಬರೆಯಬಹುದಾಗಿತ್ತು; ಇಂದಿನವರು ‘ಎ ಲೀಝೇ-ಲ’ ಎನ್ನುವರು. ಸರ್ವನಾಮವು ಮೊದಲು ಬಂದಿತೆಂದ ಮಾತ್ರಕ್ಕೆ ವಾಕ್ಯವನ್ನು ನಿಷೇಧವೆಂದು ಭಾವಿಸಲಾಗದು.

೩. ಅಪ್ಪಣೆಯ ಧ್ವನಿಗಳು

ಈಗ ಮೊದಲಿನ ತೊಡಕಿಗೆ ಮರಳಬಹುದು. ಫ್ರೆಂಚ್ ದೊರೆಗಳ ಶಾಸನಗಳಲ್ಲಿ ಪ್ರಜೆಗಳಿಗೆ ನೇರವಾದ ವಿಧ್ಯರ್ಥದಿಂದ ಅಪ್ಪಣೆ ಕೊಡುವ ರೂಢಿಯಿಲ್ಲ. ದೊರೆಯು ಗೌರವ ಬಹುವಚನದಲ್ಲಿ ತನ್ನ ಇಚ್ಛೆಯನ್ನು ಸಾರುತ್ತಾನೆ. ಆ ವಾಕ್ಯಗಳಲ್ಲಿ ‘ನೂ’ ಎಂಬ ಕರ್ತೃಪದವನ್ನು ಬಿಡುವುದು ರಾಜಕಾರ್ಯಾಲಯದ ಹಳೆಯ ಸಂಪ್ರದಾಯ. ಆದುದರಿಂದ ‘ಓರ್ದೊನೋಂ’ ಎಂಬುದು ಅಲ್ಲಿ ‘ಆಜ್ಞಾಪಿಸೋಣ’ ಅಲ್ಲ, ‘ಆಜ್ಞಾಪಿಸುತ್ತೇವೆ’. ‘ದೇಫಾಂದೋಂ’ ಎಂಬ ಪದದಲ್ಲಿ ಈ ರೂಪಸಾಮ್ಯದ ಜೊತೆಗೆ, ರಕ್ಷಣೆ ನಿಷೇಧಗಳೆರಡನ್ನೂ ಹೇಳುವ ಧಾತುವಿನ ದ್ವಂದ್ವಾರ್ಥವೂ ಕೂಡಿದೆ. ರೂಪವನ್ನು ನೋಡಿ ಇದನ್ನು ನಿರ್ಣಯಿಸಲಾಗದು. ಮಾತನಾಡುವವನು ಯಾರು, ಯಾರನ್ನು ಕುರಿತು, ತಾನೂ ಆ ಕ್ರಿಯೆಯಲ್ಲಿ ಪಾಲುಗೊಳ್ಳುತ್ತಾನೆಯೇ ಎಂದು ಕೇಳಬೇಕು.

೧೭೯೨ರ ಏಪ್ರಿಲ್‌ನಲ್ಲಿ ರೂಝೆ ದ ಲೀಲ್ ಸ್ಟ್ರಾಸ್‌ಬರ್ಗಿನಲ್ಲಿ ರಚಿಸಿದ, ಮುಂದೆ ‘ಮಾರ್ಸೆಯೇಸ್’ ಎಂದು ಹೆಸರಾಂತ ಗೀತೆಯಲ್ಲಿ ಅದೇ ಪ್ರತ್ಯಯಕ್ಕೆ ಬೇರೊಂದು ಜೀವ ಬಂದಿದೆ. ಅದರ ಮೊದಲ ಪದವೇ ‘ಹೋಗು’ ಧಾತುವಿನ ಉತ್ತಮಪುರುಷ ವಿಧ್ಯರ್ಥ. ಇಲ್ಲಿ ‘ನಾವು’ ಎಂದರೆ ಸಿಂಹಾಸನದ ಮೇಲಿನ ಒಬ್ಬನಲ್ಲ, ಜೊತೆಗೂಡಿ ನಡೆಯುವ ಎಲ್ಲರೂ.

ಹೊಸ ಪ್ರಭುತ್ವವು ಕಾನೂನನ್ನು ಬರೆದುದು ಮತ್ತೊಂದು ಬಗೆಯಲ್ಲಿ. ೧೭೯೩ರ ಆಗಸ್ಟ್ ೨೩ರಂದು ಸಮಗ್ರ ಸೈನ್ಯಸಜ್ಜಿಕೆಯನ್ನು ವಿಧಿಸಿದ ಆಜ್ಞೆಯಲ್ಲಿ ತರುಣರು ಯುದ್ಧಕ್ಕೆ ಹೋಗುವ, ವಿವಾಹಿತರು ಆಯುಧಗಳನ್ನು ತಯಾರಿಸುವ, ಸ್ತ್ರೀಯರು ಡೇರೆಗಳನ್ನು ಹೊಲಿಯುವ ವಿಧಿಗಳೆಲ್ಲ ಭವಿಷ್ಯತ್ಕಾಲದಲ್ಲಿವೆ. ಇವು ಮುನ್ನುಡಿಯುವ ಮಾತುಗಳಲ್ಲ. ನಡೆದೇ ತೀರಬೇಕೆಂಬ ಕಟ್ಟಳೆಗಳು. ಕನ್ನಡಿಸುವಾಗ ‘ಹೋಗುವರು’ ಎಂದರೆ ಬಲ ಸಾಲದು, ‘ಹೋಗತಕ್ಕದ್ದು’ ಎನ್ನಬೇಕು.

ಅದೇ ವರ್ಷದ ಅಕ್ಟೋಬರ್ ಕೊನೆಯಲ್ಲಿ, ಎಲ್ಲರೂ ಪರಸ್ಪರ ‘ತ್ಯೂ’ ಎಂದೇ ಕರೆಯಬೇಕೆಂಬ ಬಿನ್ನಹವು ರಾಷ್ಟ್ರೀಯ ಕನ್ವೆನ್ಷನ್ ಸಭೆಯ ಮುಂದೆ ಬಂದಿತು. ‘ವೂ’ ಎಂಬುದು ಮೇಲುಕೀಳುಗಳ ಕುರುಹೆಂದು ಬಿನ್ನವಿಸಿದವರ ವಾದ. ಸಭೆಯು ಇದನ್ನು ಎಲ್ಲ ನಾಗರಿಕರಿಗೂ ಕಡ್ಡಾಯವಾದ ಕಾನೂನನ್ನಾಗಿಸಲಿಲ್ಲ. ಆದರೂ ಕ್ರಾಂತಿಕಾರರ ಪತ್ರವ್ಯವಹಾರದಲ್ಲಿ ಈ ರೂಢಿ ಹಬ್ಬಿತು. ೧೭೯೪ರ ಜುಲೈನಲ್ಲಿ ರೊಬೆಸ್ಪಿಯೇರ್ ಪತನವಾದ ಮೇಲೆ ‘ವೂ’ ಕ್ರಮೇಣ ಮರಳಿತು. ಆದುದರಿಂದ ಆ ತಿಂಗಳುಗಳ ಕಾಗದವೊಂದರಲ್ಲಿ ಏಕವಚನದ ವಿಧ್ಯರ್ಥ ಕಂಡರೆ ಅದನ್ನು ತಿರಸ್ಕಾರವೆಂದಾಗಲಿ ಸಲಿಗೆಯೆಂದಾಗಲಿ ಒಮ್ಮೆಗೇ ತೀರ್ಮಾನಿಸಬಾರದು. ಅದು ಸಮಾನತೆಯ ಘೋಷಣೆಯಾಗಿರಬಹುದು.

ವಿಧ್ಯರ್ಥವನ್ನು ಬಳಸದಿರುವುದೂ ಒಂದು ಸಾಕ್ಷ್ಯವೇ. ೧೭೯೯ರ ಜನವರಿ ಕೊನೆಯಲ್ಲಿ ಬೊನಪಾರ್ಟನು ಕೈರೋದಿಂದ ಮೈಸೂರಿನ ಟಿಪ್ಪು ಸುಲ್ತಾನನಿಗೆ ಪತ್ರ ಬರೆದನು. ಸುಲ್ತಾನನ ರಾಜಕೀಯ ಪರಿಸ್ಥಿತಿಯ ವರ್ತಮಾನ ಬೇಕು, ನಂಬಿಕೆಯ ಒಬ್ಬನನ್ನು ಸುಯೆಜಿಗೋ ಕೈರೋಗೋ ಕಳುಹಿಸಬೇಕು ಎಂಬುದು ಅದರ ತಾತ್ಪರ್ಯ. ‘ತಿಳಿಸಿರಿ’, ‘ಕಳುಹಿಸಿರಿ’ ಎಂಬ ರೂಪಗಳನ್ನು ಬಿಟ್ಟು, ತಾವು ಹೀಗೆ ಮಾಡಬೇಕೆಂಬುದು ತನ್ನ ಬಯಕೆ ಎಂದು ಅವನು ಆಶಯಾರ್ಥದಲ್ಲಿ ಬರೆದಿದ್ದಾನೆ. ಸೇನಾಪತಿಯಾಗಿ ನಿತ್ಯವೂ ಅಪ್ಪಣೆ ಕೊಡುತ್ತಿದ್ದವನು ಇಲ್ಲಿ ಬೇರೊಬ್ಬ ಪ್ರಭುವಿನೊಡನೆ ಮಾತನಾಡುತ್ತಿದ್ದಾನೆಂಬುದನ್ನು ಈ ಕ್ರಿಯಾರೂಪಗಳೇ ತಿಳಿಸುತ್ತವೆ. ಪತ್ರವು ದಾರಿಯಲ್ಲಿಯೇ ಇಂಗ್ಲಿಷರ ಕೈಸೇರಿತು. ಮೇ ೪ರಂದು ಶ್ರೀರಂಗಪಟ್ಟಣ ಬಿದ್ದಿತು.

ಅನುವಾದಗಳಲ್ಲಿ ಇಂತಹ ಭೇದಗಳು ಬಹುಮಟ್ಟಿಗೆ ಅಳಿಸಿಹೋಗುತ್ತವೆ. ಇಂಗ್ಲಿಷಿನಲ್ಲಂತೂ ‘ತ್ಯೂ’, ‘ವೂ’ಗಳೆರಡೂ ಒಂದೇ ಪದವಾಗಿಬಿಡುತ್ತವೆ. ‘ನೀನು’, ‘ನೀವು’ಗಳ ಅಂತರವನ್ನು ಬಾಲ್ಯದಿಂದ ಬಲ್ಲ ಕನ್ನಡಿಗನಿಗೆ ಮೂಲವನ್ನು ಸರಿಯಾಗಿ ಕೇಳಿಸಿಕೊಳ್ಳುವ ಕಿವಿ ಈಗಾಗಲೇ ಇದೆ. ಮೇಲೆ ಹೇಳಿದ ಕೆಲವೇ ನಿಯಮಗಳನ್ನು ಕರಗತ ಮಾಡಿಕೊಂಡು ನಮ್ಮ ವಿದ್ಯಾರ್ಥಿಗಳು ಮೂಲದ ಒಂದೆರಡು ಪುಟಗಳನ್ನಾದರೂ ತಾವೇ ಓದಿ ನೋಡುವುದು ಲೇಸು.